ಉಳಿದವಳ ಮನೆ

ಮೇಲೆ ಅಕ್ಕ ಕೆಮ್ಮಿದಾಗಲೆಲ್ಲ ಶೋನಾ ಇಸ್ತ್ರಿ ಪೆಟ್ಟಿಗೆಯನ್ನು ಬಟ್ಟೆಯಿಂದ ಎತ್ತಿ ಹಿಡಿದು ಕೆಮ್ಮು ನಿಲ್ಲುವವರೆಗೆ ಕಾಯುತ್ತಿದ್ದಳು. ಅದು ಕಾಳಜಿಯಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳು ಎಣಿಸುತ್ತಿದ್ದಳು. ಸೋಮವಾರ ಒಂದು ಸಲಕ್ಕೆ ಐದೋ ಆರೋ ಬರುತ್ತಿದ್ದುದು ಗುರುವಾರದ ಹೊತ್ತಿಗೆ ಹನ್ನೊಂದಾಗಿತ್ತು, ಹನ್ನೊಂದಾದ ಮೇಲೆ ಒಂದು ಮೌನ, ಮೌನದ ಕೊನೆಗೆ ಮಂಚದ ಕಿರುಗುಟ್ಟುವಿಕೆ. ಕಂಬಗಳ ಮೇಲೆ ನಿಂತ ಮರದ ಮನೆ. ಕೆಳಗೆ ಕಾರು ನಿಲ್ಲಿಸಬೇಕಾದ ಜಾಗದಲ್ಲಿ ಶೋನಾಳ ಇಸ್ತ್ರಿ ಮೇಜು, ಬಟ್ಟೆ ಒಗೆಯುವ ಯಂತ್ರ, ಅವಳು ಕೂಲಿಗೆ ಒಗೆದುಕೊಡುವ ಮೋಟೆಲಿನ ಹಾಸುಗಳ ರಾಶಿ. ತಲೆಯ ಮೇಲಿನ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು. ಮೇಲೆ ಯಾರು ಯಾವ ಕೋಣೆಯಿಂದ ಯಾವ ಕೋಣೆಗೆ ಹೋದರು, ಯಾರು ಏನು ಹೇಳಿ ಯಾರು ನಕ್ಕರು ಎಂಬುದು ಹದಿನೈದು ವರ್ಷಗಳಿಂದ ಆ ಸಂದುಗಳ ಮೂಲಕ ಅವಳ ತಲೆಯ ಮೇಲೆ ಉದುರುತ್ತಿತ್ತು. ಈಗ ಕಬ್ಬು ಸುಡುವ ಕಾಲ, ಗದ್ದೆಗಳ ಕಡೆಯಿಂದ ಕರಿ ಬೂದಿ ಹಾರಿ ಬರುತ್ತಿತ್ತು, ಹಾಸುಗಳನ್ನು ಹೊರಗೆ ಒಣಹಾಕುವಂತಿರಲಿಲ್ಲ. ಮನೆಯಡಿಯಲ್ಲೇ ಹಗ್ಗ ಕಟ್ಟಿದ್ದಳು. ಒದ್ದೆ ಹಾಸುಗಳ ನಡುವೆ ನಿಂತಾಗ ಅವಳು ಯಾರಿಗೂ ಕಾಣುತ್ತಿರಲಿಲ್ಲ. ಅವಳಿಗೆ ರಸ್ತೆ, ಗೇಟು, ಅಂಚೆ ಡಬ್ಬಿ ಎಲ್ಲ ಕಾಣುತ್ತಿತ್ತು.

ಬೆಳಿಗ್ಗೆ ಬಂದ ನರ್ಸ್ ಇಮೆಲ್ಡಾ ಮೆಟ್ಟಿಲಿಳಿದು ಬಂದು ಹಾಸುಗಳನ್ನು ಸರಿಸಿ ಅವಳನ್ನು ಹುಡುಕಿದ್ದಳು. ಮೂರು ಗಂಟೆಗೆ ಮತ್ತೆ ಬರುತ್ತೇನೆ, ಔಷಧಿ ತಾನಾಗಿ ಒಳಗೆ ಹೋಗುವ ಸಣ್ಣ ಪಂಪು ಹಾಕುತ್ತೇನೆ, ಆಮೇಲೆ ನೋವಿರುವುದಿಲ್ಲ, ಆದರೆ ಹೆಚ್ಚಿನ ಹೊತ್ತು ನಿದ್ದೆಯಲ್ಲೇ ಇರುತ್ತಾರೆ, ಮಾತಿನಲ್ಲಿ ಹಿಡಿತ ಇರುವುದಿಲ್ಲ ಎಂದಿದ್ದಳು. ಆಮೇಲೆ ಶೋನಾಳ ಮೊಣಕೈ ಮುಟ್ಟಿ, "ಮಾತಾಡೋದು ಏನಾದ್ರೂ ಇದ್ರೆ ಮೂರರೊಳಗೆ ಮಾತಾಡ್ಕೊಳ್ಳಿ," ಎಂದಳು. ಶೋನಾ ತಲೆಯಾಡಿಸಿದಳು. ಮಾತಾಡುವುದು ಏನಿದೆ ಎಂದು ಯೋಚಿಸುತ್ತ ನಾಲ್ಕು ದಿಂಬಿನ ಚೀಲ ತೀಡಿದಳು. ಊರಿನಲ್ಲಿ ಎಲ್ಲರೂ ಹೀಗೆಯೇ ಅವಳ ಮೊಣಕೈ ಮುಟ್ಟುತ್ತಿದ್ದರು. ಬೇಕರಿಯವಳು ಮಾಂಸದ ಪೈಗಳನ್ನು ಚೀಲಕ್ಕೆ ಹಾಕುತ್ತ, ನಿನ್ನಂಥ ತಂಗಿ ಎಲ್ಲರಿಗೂ ಸಿಗಲ್ಲ ಎಂದಿದ್ದಳು. ಶೋನಾ ಆ ಮಾತನ್ನು ತಿರುಗಿ ಕೊಡದೆ ಪೈಗಳ ಜೊತೆಗೇ ಮನೆಗೆ ತಂದಿದ್ದಳು. ಅಕ್ಕನ ಬೆನ್ನನ್ನು ಅವಳು ಒರೆಸುತ್ತಿದ್ದಳು, ಗಂಟಲಿಗೆ ಸೂಪು ಇಳಿಸುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು. ಒರೆಸುವಾಗ ಬೆನ್ನೆಲುಬುಗಳನ್ನು ನೋಡಿ, ಇನ್ನೆಷ್ಟು ದಿನ, ಎಂದುಕೊಳ್ಳುತ್ತಿದ್ದಳು. ಕೈ ಮಾತ್ರ ಮೆತ್ತಗೆಯೇ ಇರುತ್ತಿತ್ತು. ತನ್ನ ಕೈಯ ಮೆತ್ತನೆಗೂ ತಲೆಯೊಳಗಿನ ಲೆಕ್ಕಕ್ಕೂ ಸಂಬಂಧವೇ ಇಲ್ಲವಲ್ಲ ಎಂದು ಅವಳಿಗೆ ಒಮ್ಮೊಮ್ಮೆ ಹೆದರಿಕೆಯಾಗುತ್ತಿತ್ತು.

ಅಕ್ಕ ಸತ್ತರೆ ಮನೆ ಇಡಿಯಾಗಿ ಅವಳದು. ಅಮ್ಮ ಸಾಯುವ ಮೊದಲು ಮಾಡಿಸಿದ್ದು ಹಾಗೆ. ಹನ್ನೊಂದು ವರ್ಷದ ಹಿಂದೆ, ಅವಳಿಗೆ ಹದಿನೆಂಟು ತುಂಬಿದ ವಾರ, ಅಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮೂವರೂ ಪಟ್ಟಣದ ವಕೀಲರ ಹತ್ತಿರ ಹೋಗಿದ್ದರು. ವಕೀಲರು ಎರಡು ದಾರಿ ಹೇಳಿದರು. ಪಾಲು ಒಡೆತನ ಅಂತ ಮಾಡಿದರೆ ಒಬ್ಬೊಬ್ಬರಿಗೆ ಅರ್ಧರ್ಧ, ಅವರವರ ಅರ್ಧವನ್ನು ಅವರು ಯಾರಿಗೆ ಬೇಕಾದರೂ ಬರೆದುಕೊಡಬಹುದು. ಜಂಟಿ ಒಡೆತನ ಅಂತ ಮಾಡಿದರೆ ಅರ್ಧ ಎಂಬುದೇ ಇಲ್ಲ, ಇಬ್ಬರದೂ ಇಡೀ ಮನೆ. ಒಬ್ಬಳು ಹೋದರೆ ಉಳಿದವಳದು. ಸತ್ತವಳ ಉಯಿಲು ಆ ಮನೆಯನ್ನು ಮುಟ್ಟುವುದಿಲ್ಲ. ಅಮ್ಮ ಎರಡನೆಯದು ಎಂದಳು. ಅಕ್ಕ ನರೆಲ್‌ಗೆ ಆಗ ಮೂವತ್ತಮೂರು, ಸಕ್ಕರೆ ಮಿಲ್ಲಿನ ಕಚೇರಿಯಲ್ಲಿ ಕೆಲಸ, ಊರಿನ ಅರ್ಧ ಜನ ತಮ್ಮ ಅರ್ಜಿಗಳನ್ನು ಅವಳಿಂದಲೇ ತುಂಬಿಸಿಕೊಳ್ಳುತ್ತಿದ್ದರು. ಸರಿ ಬಿಡು, ಇವಳು ನನಗಿಂತ ಮೊದಲು ಹೋಗೋದು ಹೇಗಿದ್ರೂ ಗ್ಯಾರಂಟಿ, ರಸ್ತೆ ದಾಟೋಕೂ ಬರಲ್ಲ, ಎಂದು ನರೆಲ್ ಹೇಳಿದ್ದಕ್ಕೆ ವಕೀಲರೂ ನಕ್ಕಿದ್ದರು. ಶೋನಾ ಕೂಡ ನಕ್ಕಳು. ಜನ ನಕ್ಕಾಗ ತಾನೂ ನಗುವುದು ಅವಳ ಅಭ್ಯಾಸ. ಆಮೇಲೆ ಬಂದ ಹಕ್ಕುಪತ್ರದ ಪ್ರತಿಯನ್ನು ಇಸ್ತ್ರಿ ಮೇಜಿನ ಅಡಿಯ ಡ್ರಾಯರಿನಲ್ಲಿಟ್ಟುಕೊಂಡು ಒಂದು ತಿಂಗಳು ದಿನಾ ಸ್ವಲ್ಪ ಸ್ವಲ್ಪ ಓದಿದಳು, ಪ್ರತಿ ಪದದ ಕೆಳಗೆ ಬೆರಳಿಟ್ಟು. ಅವಳ ಹೆಸರನ್ನು ಬೈಯುವುದಕ್ಕಲ್ಲದೆ ಬರೆದಿದ್ದ ಮೊದಲ ಕಾಗದ ಅದು. ನರೆಲ್ ಜೋನ್ ಟ್ರೆಂಬತ್ ಮತ್ತು ಶೋನಾ ಮೇ ಟ್ರೆಂಬತ್, ಜಂಟಿ ಒಡೆಯರು.

ಓದಲು ಬರುವುದಿಲ್ಲ ಎಂಬುದು ನಿಜವಲ್ಲ. ನಿಧಾನ, ಅಷ್ಟೇ. ಅಕ್ಷರಗಳು ಗುಂಪಿನಲ್ಲಿ ನಿಂತಾಗ ಅವಳಿಗೆ ನಾಚಿಕೆಯಾಗುತ್ತಿತ್ತು, ಒಂದೊಂದಾಗಿ ಸಿಕ್ಕರೆ ಮಾತಾಡಿಸುತ್ತಿದ್ದಳು. ಮಿಸೆಸ್ ಪ್ಯಾಸ್ಕೋ ತರಗತಿಯಲ್ಲಿ ಗಟ್ಟಿಯಾಗಿ ಓದುವ ಸರದಿ ಅವಳ ಬೆಂಚಿಗೆ ಬಂದಾಗ, ಶೋನಾ, ನೀನು ಕಿಟಕಿ ಹಾಕು, ಗಾಳಿ ಜಾಸ್ತಿ, ಎಂದು ಎಬ್ಬಿಸುತ್ತಿದ್ದರು. ಅವಳು ಕಿಟಕಿ ಹಾಕಿ ಬರುವಷ್ಟರಲ್ಲಿ ಸರದಿ ಮುಂದಕ್ಕೆ ಹೋಗಿರುತ್ತಿತ್ತು. ಅದು ಕರುಣೆಯೆಂದು ಬಹಳ ವರ್ಷ ತಿಳಿದಿದ್ದಳು. ಅವಳಿಗೆ ಹದಿನಾಲ್ಕಾದಾಗ ಅಮ್ಮನ ಕಾಲುಗಳ ಸ್ವಾಧೀನ ತಪ್ಪಿತು, ನರೆಲ್ ಶಾಲೆಗೆ ಹೋಗಿ ಅವಳ ಹೆಸರು ತೆಗೆಸಿದಳು. ಅಮ್ಮನೇ ಕೇಳಿಕೊಂಡಳು, ನೀನೇ ಬೇಕಂತೆ, ಎಂದಳು. ಅಮ್ಮನಿಗೆ ತಾನು ಬೇಕು ಎಂಬ ಆ ಒಂದು ಮಾತಿನ ಮೇಲೆ ಶೋನಾ ಐದು ವರ್ಷ ಬೆಡ್‌ಪ್ಯಾನ್ ಹೊತ್ತಳು, ಯಾರ ಮೇಲೂ ಸಿಟ್ಟಿಲ್ಲದೆ. ಸಿಟ್ಟು ಶುರುವಾದದ್ದು ಆಮೇಲೆ, ತೀರ ಸಣ್ಣ ವಿಷಯಗಳಿಗೆ. ಅಪೆಂಡಿಕ್ಸ್ ಕೊಯ್ಯುವ ಮೊದಲು ಡಾಕ್ಟರು ಅವಳ ಮುಖ ನೋಡಿ ವಿವರಿಸುತ್ತಿದ್ದಾಗ, ನನಗೆ ಹೇಳಿ ಡಾಕ್ಟ್ರೇ, ಇವಳ ತಲೆಗೆ ಹೋಗಲ್ಲ, ಎಂದಳು ನರೆಲ್. ಡಾಕ್ಟರ ಕುತ್ತಿಗೆ ನಿಧಾನವಾಗಿ ಅಕ್ಕನ ಕಡೆ ತಿರುಗಿತು. ಕೊಯ್ಯಬೇಕಾದದ್ದು ಶೋನಾಳ ಹೊಟ್ಟೆ. ಆ ತಿರುಗುವ ಕುತ್ತಿಗೆ ಅವಳಿಗೆ ಇವತ್ತಿಗೂ ಕಾಣುತ್ತದೆ, ಬಿಸಿಲಲ್ಲಿ ಸುಟ್ಟ ಕೆಂಪು ಚರ್ಮ, ಕಾಲರಿನ ಹತ್ತಿರ ಒಂದು ಮಚ್ಚೆ.

ಮೂರು ವಾರದ ಹಿಂದೆ ಡೀನ್ ಬಂದ. ನರೆಲ್‌ಳ ಗಂಡ, ಆರು ವರ್ಷದ ಹಿಂದೆ ಮೀನಿನ ದೋಣಿಯ ಕೆಲಸಕ್ಕೆಂದು ಕರಾವಳಿಗೆ ಹೋದವನು ತಿರುಗಿ ನೋಡಿರಲಿಲ್ಲ. ಈಗ ಒಂದು ಡಬ್ಬಿ ಐಸಿನಲ್ಲಿ ಸೀಗಡಿ ತಂದು, ಹೇಗಿದೀಯ ಮುದುಕಿ, ಎಂದು ಮಂಚದ ಪಕ್ಕ ಕೂತ. ನರೆಲ್ ಸೀಗಡಿ ತಿನ್ನುವ ಸ್ಥಿತಿಯಲ್ಲಿರಲಿಲ್ಲ, ಅವನೇ ಸುಲಿದು ಸುಲಿದು ತಿಂದ, ಸಿಪ್ಪೆಯನ್ನು ಅವಳ ಔಷಧದ ತಟ್ಟೆಗೆ ಹಾಕಿದ. ಕೆಳಗೆ ಇಸ್ತ್ರಿ ಮಾಡುತ್ತಿದ್ದ ಶೋನಾಗೆ ಹಲಗೆಯ ಸಂದಿನಿಂದ ಅಕ್ಕನ ನಗು ಕೇಳಿಸಿತು. ಎಷ್ಟೋ ತಿಂಗಳ ಮೇಲೆ ಬಂದ ನಗು. ಎರಡನೆಯ ಶನಿವಾರ ಸಂದಿನಿಂದ ಅವನ ಮಾತು ಉದುರಿತು: ಅರ್ಧ ಬೇರೆ ಮಾಡಿಬಿಡು ನೆಲ್, ಆಮೇಲೆ ನಿನ್ನ ಅರ್ಧ ನನಗೆ ಬರೆ, ಮಾರಿದ್ರೆ ಒಂದು ದೋಣಿ ಆಗುತ್ತೆ. ಶೋನಾ ಎಲ್ಲಿಗೆ ಹೋಗ್ತಾಳೆ, ಎಂದು ಅಕ್ಕ ಕೇಳುತ್ತಾಳೇನೋ ಎಂದು ಶೋನಾ ಪೆಟ್ಟಿಗೆ ಎತ್ತಿ ಹಿಡಿದು ಕಾದಳು. ನರೆಲ್ ಕೇಳಿದ್ದು ಬೇರೆ. ದೋಣಿಗೆ ನನ್ನ ಹೆಸರಿಡ್ತೀಯಾ, ಎಂದಳು.

ಜಂಟಿ ಒಡೆತನ ಮುರಿಯಲು ಇನ್ನೊಬ್ಬಳ ಒಪ್ಪಿಗೆ ಬೇಕಿಲ್ಲ. ತನ್ನ ಪಾಲನ್ನು ತನಗೇ ವರ್ಗಾಯಿಸಿಕೊಳ್ಳುವ ಒಂದು ಪತ್ರ, ಸಾಕ್ಷಿಯ ಎದುರು ಸಹಿ, ಇನ್ನೊಬ್ಬಳಿಗೆ ಒಂದು ಪ್ರತಿ, ಆಮೇಲೆ ನೋಂದಣಿ; ಅಲ್ಲಿಗೆ ಅರ್ಧರ್ಧ ಬೇರೆ. ವಕೀಲರನ್ನು ಕರೆಸೋಣ ಎಂದ ಡೀನ್‌ಗೆ, ಇಪ್ಪತ್ತು ವರ್ಷ ಮಿಲ್ಲಿನ ಕಾಗದ ನೋಡಿದವಳಿಗೆ ಒಂದು ಅರ್ಜಿ ತುಂಬೋಕೆ ವಕೀಲರು ಬೇಕಾ, ಎಂದು ನರೆಲ್ ದಿಂಬಿಗೊರಗಿ ತಾನೇ ತುಂಬಿದಳು. ಸಾಕ್ಷಿಗೆ ಮಿಸೆಸ್ ಪ್ಯಾಸ್ಕೋ ಬಂದರು. ನಿವೃತ್ತಿಯ ಮೇಲೆ ಅವರಿಗೆ ಸರಕಾರದಿಂದ ಸಹಿಗಳಿಗೆ ಸಾಕ್ಷಿಯಾಗುವ ಅಧಿಕಾರ ಸಿಕ್ಕಿತ್ತು. ಗುರುವಾರ ಅಂಗಡಿ ಸಂಕೀರ್ಣದ ಮೇಜಿನಲ್ಲಿ ಕೂತು ಊರಿನವರ ಸಹಿಗಳಿಗೆ ಮುದ್ರೆ ಒತ್ತುತ್ತಿದ್ದರು, ಕಾಯಿಲೆಯವರ ಮನೆಗೆ ತಾವೇ ಹೋಗುತ್ತಿದ್ದರು. ಗುರುತಿಗೆ ಏನಾದರೂ ತೋರಿಸಬೇಕಾ ಎಂದು ಡೀನ್ ಕೇಳಿದ್ದಕ್ಕೆ ಅವರಿಗೆ ಅವಮಾನವಾದಂತಾಯಿತು. "ಇವಳು ಹಲ್ಲು ಬೀಳಿಸಿಕೊಂಡಿದ್ದು ನನ್ನ ಕ್ಲಾಸಿನಲ್ಲಿ. ಯಾರು ಅಂತ ನಾನು ಚೀಟಿ ನೋಡಿ ತಿಳ್ಕೋಬೇಕಾ?" ಎಂದು ಮುದ್ರೆಯನ್ನು ಗಟ್ಟಿಯಾಗಿ ಒತ್ತಿದರು. ಚಹಾ ಮತ್ತು ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ ಶೋನಾಳ ಕಡೆಗೆ ನರೆಲ್ ಪ್ರತಿಯನ್ನು ಚಾಚಿದಳು.

"ಕಾನೂನು ಪ್ರಕಾರ ನಿನಗೊಂದು ಕೊಡಬೇಕಂತೆ, ತಗೋ. ಗೊತ್ತಾಗದಿದ್ರೆ ಡೀನ್ ಓದಿ ಹೇಳ್ತಾನೆ."

"ಚಿತ್ರ ಇಲ್ಲ ಅದರಲ್ಲಿ, ಸಾರಿ ಕಣೇ," ಎಂದ ಡೀನ್.

ಮಿಸೆಸ್ ಪ್ಯಾಸ್ಕೋ ಬಿಸ್ಕತ್ತು ತೆಗೆದುಕೊಂಡು, ಗಾಳಿ ಬೀಸ್ತಿದೆ, ಕಿಟಕಿ ಹಾಕು ಮಗು, ಎಂದರು. ಶೋನಾ ತಟ್ಟೆ ಇಟ್ಟು ಕಿಟಕಿ ಹಾಕಿದಳು. ಕಾಗದ ಅವಳ ಇನ್ನೊಂದು ಕೈಯಲ್ಲಿತ್ತು. ಕಿಟಕಿಯ ಬೆಳಕಿನಲ್ಲಿ, ಮೂವರಿಗೂ ಬೆನ್ನು ಹಾಕಿ, ಅವಳು ಮೊದಲ ಸಾಲು ಓದಿದಳು. ನರೆಲ್ ಜೋನ್ ಕುಸಾಕ್. ಮಿಲ್ಲಿನಲ್ಲಿ ಅದು, ಬ್ಯಾಂಕಿನಲ್ಲಿ ಅದು, ಆಸ್ಪತ್ರೆಯ ಕೈಪಟ್ಟಿಯಲ್ಲಿ ಅದು; ಡೀನ್ ಹೋದ ಮೇಲೂ ನರೆಲ್ ಅವನ ಆ ಹೆಸರನ್ನು ಬಿಟ್ಟಿರಲಿಲ್ಲ, ಊರಿಗೆಲ್ಲ ಅವಳು ನೆಲ್ ಕುಸಾಕಳೇ. ಆದರೆ ಮನೆ ಬರೆದುಕೊಟ್ಟಾಗ ಅವಳಿಗೆ ಮದುವೆಯಾಗಿರಲಿಲ್ಲ. ಹಕ್ಕುಪತ್ರದಲ್ಲಿ ಕುಸಾಕ್ ಎಂಬವಳೇ ಇಲ್ಲ. ಶೋನಾಳ ಬೆನ್ನ ಹಿಂದೆ ಮೂವರು ತಿಳಿದವರು ಚಹಾ ಕುಡಿಯುತ್ತಿದ್ದರು. ಒಂದು ಮಾತು ಸಾಕಿತ್ತು. ಆ ಮಾತು ಅವಳ ಬಾಯಿಗೆ ಬಂತು ಕೂಡ, ತಪ್ಪು ಕಂಡಾಗ ಹೇಳುವುದು ಯಾರಿಗಾದರೂ ಸಹಜವಲ್ಲವೇ. ಅವಳು ತಿರುಗಿ, ಇನ್ನೂ ಸ್ವಲ್ಪ ಚಹಾ ಹಾಕ್ಲಾ ಮಿಸೆಸ್ ಪ್ಯಾಸ್ಕೋ, ಎಂದಳು. ಡೀನ್ ನೋಂದಣಿ ಕಚೇರಿಗೆ ಹೋಗಬೇಕಾದ ಲಕೋಟೆಗೆ ನಾಲಿಗೆ ಸವರಿ ಮುಚ್ಚಿದ.

ಅಂದಿನಿಂದ ಇಂದಿನವರೆಗೆ ಅವಳು ಅಂಚೆ ಡಬ್ಬಿಯನ್ನು ಕಾದಿದ್ದಳು. ಮಾಡಿದ್ದು ಏನೂ ಇಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸುಳ್ಳು ಹೇಳಿಲ್ಲ, ಕದ್ದಿಲ್ಲ, ಹರಿದಿಲ್ಲ. ಸುಮ್ಮನಿದ್ದಳು, ಅವರೆಲ್ಲ ಜೀವಮಾನವಿಡೀ ಅವಳಿಗೆ ಕಲಿಸಿದ್ದೇ ಅದು. ಆದರೂ ನಿದ್ದೆಗಣ್ಣಿನಲ್ಲಿ ಅಕ್ಕ ತನ್ನ ಕೈ ಹಿಡಿದು, ನಿನ್ನ ಕೈ ತಣ್ಣಗಿದೆ, ಹಾಯಾಗಿದೆ, ಎಂದಾಗ ಆ ಕೈಯನ್ನು ಎಲ್ಲಿ ಇಡಬೇಕೋ ತಿಳಿಯುತ್ತಿರಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಅಂಚೆಯವನ ಸ್ಕೂಟರು ನಿಂತು ಹೊರಟಿತು. ನೋಂದಣಿ ಕಚೇರಿಯ ಬಿಳಿ ಲಕೋಟೆ, ವಿಳಾಸದ ಪಾರದರ್ಶಕ ಪಟ್ಟಿಯಲ್ಲಿ ಮಿಸೆಸ್ ಎನ್. ಜೆ. ಕುಸಾಕ್. ಅವಳು ಅದನ್ನು ಡ್ರಾಯರಿಗೆ ಹಾಕಬಹುದಿತ್ತು. ಒಂದು ಗಂಟೆ ಕಳೆದರೆ ಇಮೆಲ್ಡಾ ಬರುತ್ತಾಳೆ, ಪಂಪು ಹಾಕುತ್ತಾಳೆ, ಆಮೇಲೆ ಅಕ್ಕನ ಸಹಿಗೆ ಯಾರೂ ಸಾಕ್ಷಿ ನಿಲ್ಲುವಂತಿಲ್ಲ. ಸದ್ದಿಲ್ಲದೆ ಎಲ್ಲ ಮುಗಿಯುತ್ತದೆ, ನರೆಲ್ ತಾನು ಗೆದ್ದೆನೆಂದುಕೊಂಡೇ ಹೋಗುತ್ತಾಳೆ. ಅದೇ ಆಗದ ಮಾತು. ಅವಳು ಗೆದ್ದೆನೆಂದುಕೊಂಡು ಹೋಗಬಾರದು. ಮನೆ ಸಿಕ್ಕರಷ್ಟೇ ಸಾಲದು, ಯಾರು ಓದಿದರು ಎಂಬುದು ಅಕ್ಕನಿಗೆ ಗೊತ್ತಾಗಬೇಕು, ಗೊತ್ತಾಗುವಷ್ಟು ಎಚ್ಚರ ಇನ್ನೂ ಇರುವಾಗಲೇ. ಇದು ಕೆಟ್ಟದ್ದು ಎಂದು ಮೆಟ್ಟಿಲು ಹತ್ತುವಾಗ ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು. ಹತ್ತನೆಯ ಮೆಟ್ಟಿಲಿನಲ್ಲೂ ಅನ್ನಿಸಿತು. ನಿಲ್ಲಲಿಲ್ಲ.

ನರೆಲ್ ಎಚ್ಚರವಾಗಿದ್ದಳು. ಕಣ್ಣಿಗೆ ಎಲ್ಲ ಎರಡೆರಡಾಗಿ ಕಾಣುತ್ತಿದೆ ಎಂದು ಬೆಳಿಗ್ಗೆಯಿಂದ ಗೊಣಗುತ್ತಿದ್ದಳು. ಲಕೋಟೆಯನ್ನು ಹತ್ತಿರ ದೂರ ಹಿಡಿದು ನೋಡಿ ಸೋತು ಹಾಸಿಗೆಯ ಮೇಲೆ ಬಿಟ್ಟಳು.

"ಡೀನ್ ಶನಿವಾರ ಬರೋದು. ನೀನು ಓದ್ತೀಯಾ?" ಎಂದಳು. ಆಮೇಲೆ, "ಆಗುತ್ತಾ?"

"ಆಗುತ್ತೆ."

ಶೋನಾ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಬೆನ್ನು ನೆಟ್ಟಗೆ ಮಾಡಿ, ಪ್ರತಿ ಪದದ ಕೆಳಗೆ ಬೆರಳಿಟ್ಟು ಓದಿದಳು. ತಾವು ಸಲ್ಲಿಸಿದ ವರ್ಗಾವಣೆ ಪತ್ರವನ್ನು ನೋಂದಾಯಿಸಲು ಸಾಧ್ಯವಾಗಿಲ್ಲ. ಸಹಿ ಮಾಡಿರುವವರು ನರೆಲ್ ಜೋನ್ ಕುಸಾಕ್. ದಾಖಲೆಯಲ್ಲಿ ಒಡೆಯರು ನರೆಲ್ ಜೋನ್ ಟ್ರೆಂಬತ್. ಮದುವೆಯ ದಾಖಲೆಯ ಪ್ರತಿಯೊಂದಿಗೆ, ದಾಖಲೆಯಲ್ಲಿರುವ ಹೆಸರನ್ನೂ ಕಾಣಿಸಿ, ಸಾಕ್ಷಿಯ ಎದುರು ಹೊಸದಾಗಿ ಸಹಿ ಮಾಡಿದ ಪತ್ರವನ್ನು ಕಳುಹಿಸತಕ್ಕದ್ದು. ಅಲ್ಲಿಯವರೆಗೆ ಒಡೆತನ ಈಗಿರುವಂತೆಯೇ ಇರುತ್ತದೆ. ಅವಳು ಎಲ್ಲಿಯೂ ತಡವರಿಸಲಿಲ್ಲ. ನೋಂದಣಿ ಎಂಬಲ್ಲಿ ಮಾತ್ರ ಉಸಿರು ತೆಗೆದುಕೊಂಡಳು. ಮುಗಿದ ಮೇಲೆ ಕೆಳಗಿನ ದಿನಾಂಕವನ್ನೂ ಓದಿದಳು, ಸಹಿ ಮಾಡಿದ ಅಧಿಕಾರಿಯ ಹುದ್ದೆಯನ್ನೂ ಓದಿದಳು, ಓದುವುದಕ್ಕೆ ಇನ್ನೇನೂ ಉಳಿಯದಷ್ಟು.

ನರೆಲ್ ಛಾವಣಿಯನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಮೊದಲು ಬಂದದ್ದು ನಾಚಿಕೆ. ಅರ್ಜಿ ತಪ್ಪು ತುಂಬಿದ ನಾಚಿಕೆ, ಮಿಲ್ಲಿನ ಕಚೇರಿಯವಳ ನಾಚಿಕೆ. ಆಮೇಲೆ ನಿಧಾನವಾಗಿ ಅವಳ ಕುತ್ತಿಗೆ ತಿರುಗಿತು.

"ಆವತ್ತು ಕಿಟಕಿ ಹತ್ರ ನಿಂತಿದ್ದೆ. ಕಾಗದ ಕೈಲಿತ್ತು."

"ಹೂಂ."

"ಆವತ್ತೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

ನರೆಲ್ ನಗಲು ಹೋಗಿ ಕೆಮ್ಮಿದಳು. ಶೋನಾ ಎಣಿಸಲಿಲ್ಲ. ಕೆಮ್ಮು ನಿಂತ ಮೇಲೆ ನರೆಲ್ ತುಟಿ ಒರೆಸಿಕೊಂಡು, "ನಿನ್ನನ್ನ ಶಾಲೆ ಬಿಡಿಸಬಾರದಿತ್ತು ನಾನು," ಎಂದಳು. ತಮಾಷೆಯಾಗಿಯೇ ಎಂದಳು. ಆದರೆ ಶೋನಾಳ ಬೆರಳು ಕಾಗದದ ಮೇಲೆ ನಿಂತುಬಿಟ್ಟಿತು.

ಮಿಸೆಸ್ ಪ್ಯಾಸ್ಕೋಗೆ ಫೋನ್ ಮಾಡು, ಎಂದಳು ನರೆಲ್. ಇವತ್ತು ಗುರುವಾರ, ಅಂಗಡಿಯ ಮೇಜಿನಲ್ಲೇ ಇರ್ತಾರೆ, ಕಾರಿನಲ್ಲಿ ಐದು ನಿಮಿಷ. ಮದುವೆ ದಾಖಲೆ ಮೇಲಿನ ಡ್ರಾಯರಿನಲ್ಲಿದೆ, ಖಾಲಿ ಅರ್ಜಿ ಇನ್ನೊಂದಿದೆ. ಆ ನರ್ಸ್ ಬರೋದರೊಳಗೆ ಆಗಬೇಕು. ಅಕ್ಕನ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿತ್ತು. ಶೋನಾ ಎದ್ದು ಹೋಗಿ ತಂದಳು. ಆದರೆ ಕೊಡಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕೂತಳು.

"ಈಗ ಹೇಳಿದ್ದನ್ನ ಇನ್ನೊಂದ್ಸಲ ಹೇಳು. ನಗದೆ ಹೇಳು."

ಎರಡು ಇಪ್ಪತ್ತಾಗಿತ್ತು. ನರೆಲ್ ಅವಳನ್ನು ಬಹಳ ಹೊತ್ತು ನೋಡಿದಳು, ಎರಡೆರಡಾಗಿ ಕಾಣುವ ತಂಗಿಯರಲ್ಲಿ ಯಾವುದು ನಿಜವೆಂದು ಗೊತ್ತುಮಾಡಿಕೊಳ್ಳುವಂತೆ. ಹೇಳಿದರೆ ಫೋನು ಸಿಗುತ್ತದೆ ಎಂದು ಇಬ್ಬರಿಗೂ ಅರ್ಥವಾಗಿತ್ತು. ಆ ಗಳಿಗೆಯಲ್ಲಿ ಶೋನಾ ನಿಜವಾಗಿಯೂ ಕೊಡುವವಳಿದ್ದಳು. ಮನೆ ಹೋದರೆ ಹೋಗಲಿ, ಮೋಟೆಲಿನ ಹಿಂದಿನ ಕೋಣೆ ಕೇಳಬಹುದು, ಆ ಒಂದು ಮಾತು ಇಟ್ಟುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಇಷ್ಟು ವರ್ಷ ತನಗೆ ಬೇಕಾಗಿದ್ದದ್ದು ಇಷ್ಟು ಸಣ್ಣದೇ ಎಂದು ಅವಳಿಗೇ ಆಶ್ಚರ್ಯವಾಯಿತು.

"ನಿನ್ನನ್ನ ಶಾಲೆ ಬಿಡಿಸಿದ್ದು ನಾನೇ," ಎಂದಳು ನರೆಲ್. ನಗಲಿಲ್ಲ. "ಅಮ್ಮ ಬೇಡ ಅಂದಿದ್ಲು. ಅತ್ತಿದ್ಲು. ಅವಳು ಓದಲಿ, ನಾನು ಒಬ್ಬಳೇ ಬಿದ್ದಿರ್ತೀನಿ ಅಂದ್ಲು. ನನಗೆ ಮಿಲ್ ಬಿಡೋಕೆ ಇಷ್ಟ ಇರ್ಲಿಲ್ಲ. ಅದಕ್ಕೆ ನಿನ್ನ ಹತ್ರ ಹಾಗಂದೆ. ಸಾಕಾ? ಈಗ ಫೋನ್ ಮಾಡು."

ಕೆಳಗೆ ಯಂತ್ರ ತಿರುಗುವುದನ್ನು ನಿಲ್ಲಿಸಿ ಮೂರು ಸಲ ಕೂಗಿಕೊಂಡಿತು. ಅಮ್ಮ ಮಂಚದಿಂದ ಅವಳನ್ನೇ ನೋಡುತ್ತಿದ್ದ ಐದು ವರ್ಷಗಳು. ಬೆಡ್‌ಪ್ಯಾನ್ ತೆಗೆಯುವಾಗಲೆಲ್ಲ ಅಮ್ಮ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಅದು ತನ್ನ ಬಗ್ಗೆ ಅಸಹ್ಯವೆಂದು ಹದಿನೈದರ ಶೋನಾ ತಿಳಿದಿದ್ದಳು. ಒಂದು ಸಲ ಅಮ್ಮ, ಪುಸ್ತಕ ಏನಾದ್ರೂ ತಂದು ಇಲ್ಲೇ ಕೂತು ಓದು, ಎಂದಿದ್ದಳು. ಛೇಡಿಸುತ್ತಿದ್ದಾಳೆ ಎಂದುಕೊಂಡು ಶೋನಾ ಎರಡು ದಿನ ಅಮ್ಮನ ಜೊತೆ ಮಾತಾಡಿರಲಿಲ್ಲ. ಅಮ್ಮನಿಗೆ ನೀನೇ ಬೇಕಂತೆ ಎಂಬ ಮಾತಿನ ಮೇಲೆ ತಾನು ಕಟ್ಟಿಕೊಂಡದ್ದೆಲ್ಲ, ಆ ಮಾತು ಸುಳ್ಳಾದರೆ, ಏನಾಗಬೇಕು. ಕುಸಿಯಬೇಕಿತ್ತು. ಕುಸಿಯಲಿಲ್ಲ. ಅವಳು ತುಂಬ ಹಗುರವಾಗಿ, ತಣ್ಣಗೆ, ಕುರ್ಚಿಯಿಂದ ಎದ್ದಳು.

ಫೋನನ್ನು ಕಿವಿಗೆ ಇಟ್ಟುಕೊಂಡಳು. ಅಕ್ಕನ ಮುಖ ಕಾಣುವಂತೆ ಮಂಚದ ಕಾಲ ಕಡೆ ನಿಂತಳು. ಫೋನಿನ ಗಾಜು ಕಪ್ಪಾಗಿತ್ತು, ಅವಳು ಯಾವ ಅಂಕಿಯನ್ನೂ ಒತ್ತಿರಲಿಲ್ಲ. ಕಿವಿಯಲ್ಲಿ ತನ್ನದೇ ರಕ್ತದ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಸ್ವಲ್ಪ ಹೊತ್ತು ಕೇಳಿಸಿಕೊಂಡು, ಗಾಜು ಅಕ್ಕನ ಕಡೆಗಿರುವಂತೆ ಫೋನನ್ನು ಇಳಿಸಿ, "ಎತ್ತುತ್ತಿಲ್ಲ," ಎಂದಳು.

ನರೆಲ್‌ಳ ಕಣ್ಣು ಫೋನಿನ ಮೇಲಿತ್ತು. ಎರಡೆರಡಾಗಿ ಕಂಡರೂ ಎರಡೂ ಕಪ್ಪು ಎಂಬುದು ಅವಳಿಗೆ ಕಾಣುತ್ತಿರಬೇಕು. ಅವಳು ಕೈ ಎತ್ತಿದಳು, ಕೈ ಹೊದಿಕೆಯ ಅಂಚಿನವರೆಗೆ ಬಂದು ನಿಂತಿತು.

"ಇನ್ನೊಂದ್ಸಲ ಮಾಡು," ಎಂದಳು. ಗೋಗರೆಯಲಿಲ್ಲ. ಬಹಳ ಮರ್ಯಾದೆಯಿಂದ, ಅಂಗಡಿಯಲ್ಲಿ ಅಪರಿಚಿತರ ಹತ್ತಿರ ಕೇಳುವಂತೆ, "ಶೋನಾ, ಇನ್ನೊಂದ್ಸಲ ಮಾಡ್ತೀಯಾ," ಎಂದಳು.

"ಮಾಡ್ತೀನಿ."

ಶೋನಾ ಫೋನನ್ನು ಮತ್ತೆ ಕಿವಿಗೆ ಇಟ್ಟುಕೊಂಡಳು. ಕಿಟಕಿಯ ಹೊರಗೆ ಬೂದಿಯ ಚೂರುಗಳು ಗಾಳಿಯಿಲ್ಲದೆ ನೇರವಾಗಿ ಇಳಿಯುತ್ತಿದ್ದವು. ಅವಳ ತೋಳು ನೋಯತೊಡಗಿತು, ಅವಳು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. ಅಕ್ಕ ಮತ್ತೆ ಕೇಳಿದಳು, ಅವಳು ಮತ್ತೆ ಮಾಡುತ್ತೇನೆ ಎಂದಳು. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ಮಧ್ಯೆ ಆ ಎತ್ತದ ಫೋನನ್ನು ಇಟ್ಟುಕೊಂಡು, ಗೇಟಿನ ಹತ್ತಿರ ಇಮೆಲ್ಡಾಳ ಕಾರಿನ ಬಾಗಿಲು ಮುಚ್ಚುವವರೆಗೆ ಇದ್ದರು.

"ಯಾರ ಹತ್ರ ಮಾತಾಡ್ತಿದೀರ?" ಎಂದು ಇಮೆಲ್ಡಾ ಪಂಪಿನ ಪೆಟ್ಟಿಗೆಯೊಂದಿಗೆ ಒಳಗೆ ಬಂದು ಮೆಲ್ಲಗೆ ಕೇಳಿದಳು.

ಶೋನಾ ಉತ್ತರಿಸುವ ಮೊದಲು ನರೆಲ್ ಹೇಳಿದಳು, ಕಣ್ಣು ಮುಚ್ಚಿಕೊಂಡು. "ಯಾರ ಹತ್ರಾನೂ ಇಲ್ಲ. ಅವಳಿಗೆ ಫೋನ್ ಮಾಡೋಕೆ ಬರಲ್ಲ." ಆಮೇಲೆ ತೋಳನ್ನು ತಾನೇ ನರ್ಸಿನ ಕಡೆಗೆ ಚಾಚಿದಳು.